ಇಷ್ಟಗಲದ ಪರದೆ, ಅಷ್ಟುದ್ದದ ಪದ

ನಿವೃತ್ತನಾದ ಗಂಡಸು ಮನೆಯಲ್ಲಿದ್ದಾನೆ ಎಂದರೆ ಅವನ ಮೇಲೆ ಬೀದಿಗೆಲ್ಲ ಹಕ್ಕು. ಪಕ್ಕದ ಮನೆಗೆ ಬಂದ ಕೊರಿಯರ್ ಇಸಿದುಕೊಳ್ಳಬೇಕು, ಎದುರು ಮನೆಯವರ ಕರೆಂಟ್ ಬಿಲ್ಲು ಮೊಬೈಲಿನಲ್ಲಿ ಕಟ್ಟಿಕೊಡಬೇಕು, ಯಾರದೋ ಮೊಮ್ಮಗನ ಉಪನಯನದ ಕಾರ್ಡಿನ ಕಾಗುಣಿತ ನೋಡಿಕೊಡಬೇಕು. ಹಾಗೆಂದು ಮೈಸೂರಿನ ನಮ್ಮ ಯಾದವಗಿರಿಯಲ್ಲಿ ನಿವೃತ್ತರಿಗೆ ಬರವೇನಿಲ್ಲ. ಬೆಳಗಿನ ಆರು ಗಂಟೆಗೆ ವಿವೇಕಾನಂದ ರಸ್ತೆಯಲ್ಲಿ ನಿಂತರೆ ರೈಲ್ವೆ, ಸಿಎಫ್‌ಟಿಆರ್‌ಐ, ವಿಶ್ವವಿದ್ಯಾನಿಲಯ, ಬ್ಯಾಂಕು ಎಲ್ಲದರ ಪಿಂಚಣಿಯೂ ಮಂಕಿಟೋಪಿ ಹಾಕಿಕೊಂಡು ವಾಕಿಂಗ್ ಹೋಗುವುದು ಕಾಣುತ್ತದೆ. ಆದರೂ ನಮ್ಮ ರಸ್ತೆಯ ಹೆಂಗಸರ ಭಜನಾ ಮಂಡಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ಸುತ್ತಿ ಸುತ್ತಿ ಬಂದು ನನ್ನ ತಲೆಯ ಮೇಲೇ ಕೂತಿತು. ಕಾರಣವಿಷ್ಟೆ: ನನ್ನ ಹೆಂಡತಿ ಆ ಮಂಡಳಿಯ ಖಜಾಂಚಿ. "ನಮ್ಮನೆಯವ್ರು ಪ್ರೆಸ್ಸಿನಲ್ಲಿ ಪ್ರೂಫ್ ನೋಡ್ತಿದ್ದೋರು, ಪುಟ ಕಟ್ಟೋದು ಅವರಿಗೇನು ಹೊಸದಾ" ಎಂದು ಸಭೆಯಲ್ಲಿ ಹೇಳಿ, ಠರಾವು ಪಾಸು ಮಾಡಿಸಿ, ಆಮೇಲೆ ಮನೆಗೆ ಬಂದು ನನಗೆ ತಿಳಿಸಿದಳು.

ಭಜನೆಗೆ ವೆಬ್‌ಸೈಟ್ ಯಾಕೆ ಎಂದು ನಗಬೇಡಿ. ಹಿಂದೆಲ್ಲ ಒಬ್ಬೊಬ್ಬರ ಕೈಯಲ್ಲೂ ಉದ್ದನೆಯ ನೋಟ್‌ಪುಸ್ತಕ ಇರುತ್ತಿತ್ತು, ರಟ್ಟಿಗೆ ಹಳೆಯ ಸೀರೆಯ ಚೂರು ಹೊದಿಸಿದ್ದು. ಈಗ ಎಲ್ಲರ ಕೈಯಲ್ಲೂ ಫೋನು, ಹಾಡುಗಳೆಲ್ಲ ವಾಟ್ಸಾಪಿನಲ್ಲಿ ಪಿಡಿಎಫ್ ಆಗಿ ಬರುತ್ತವೆ. ಪಿಡಿಎಫ್ ಎಂದರೆ ಎ4 ಹಾಳೆ, ಫೋನಿನ ಪರದೆಯೋ ಅಂಗೈಯಗಲ. ಅಕ್ಷರ ಕಾಣಲೆಂದು ಎರಡು ಬೆರಳಿನಿಂದ ಹಿಗ್ಗಿಸಿದರೆ ಸಾಲಿನ ಬಲಗಡೆ ಪರದೆಯಾಚೆ ಹೋಗುತ್ತದೆ. ಅದನ್ನು ಎಳೆದು ತರುವಷ್ಟರಲ್ಲಿ ಎಡಗಡೆ ಮಾಯ. ಅಷ್ಟು ಹೊತ್ತಿಗೆ ಹಾರ್ಮೋನಿಯಂ ಮುಂದಕ್ಕೆ ಹೋಗಿರುತ್ತದೆ, ತಾಳ ಹಿಂದೆ ಉಳಿದಿರುತ್ತದೆ, ಅರ್ಧ ಮಂಡಳಿ ಪಲ್ಲವಿಯಲ್ಲಿ, ಇನ್ನರ್ಧ ಎರಡನೇ ಚರಣದಲ್ಲಿ. ದೇವರಿಗೆ ಅಭ್ಯಾಸವಾಗಿದೆ, ಪಕ್ಕದ ರೂಮಿನಲ್ಲಿ ಪೇಪರ್ ಓದುವ ನನಗೆ ಕಷ್ಟ. ಹೀಗಾಗಿ ಪರದೆ ಎಷ್ಟಗಲವೋ ಅಷ್ಟಗಲಕ್ಕೆ ತಾನೇ ಹೊಂದಿಕೊಳ್ಳುವ ಪುಟ ಬೇಕು ಎಂದಾಯಿತು. ಅದಕ್ಕೆ ರೆಸ್ಪಾನ್ಸಿವ್ ಡಿಸೈನ್ ಅಂತಾರೆ ಎಂದು ಮೊಮ್ಮಗಳು ಹೇಳಿ, ಕೋಡ್ ಬರೆಯದೆಯೇ ಚೌಕಗಳನ್ನು ಎಳೆದು ತಂದು ಇಟ್ಟು ಪುಟ ಕಟ್ಟುವ ಸಾಫ್ಟ್‌ವೇರ್ ಒಂದನ್ನು ಲ್ಯಾಪ್‌ಟಾಪಿನಲ್ಲಿ ತೆರೆದುಕೊಟ್ಟಳು. ಕಲಿಯೋದು ಹೇಗಮ್ಮ ಎಂದೆ. "ಯೂಟ್ಯೂಬಲ್ಲಿ ಟ್ಯುಟೋರಿಯಲ್ಸ್ ಇವೆ ತಾತ, ನೋಡ್ಕೊಂಡು ಮಾಡ್ತಾ ಹೋಗಿ, ಅಷ್ಟೆ" ಎಂದು ಬ್ಯಾಗು ಹೆಗಲಿಗೆ ಹಾಕಿ ಕಾಲೇಜಿಗೆ ಹೊರಟುಹೋದಳು.

ಯೂಟ್ಯೂಬಿನ ಗುರುಗಳ ವಿಷಯ ಹೇಳಲೇಬೇಕು. ನಮ್ಮ ಕಾಲದ ಮೇಷ್ಟ್ರು ಪಾಠ ಮುಗಿದ ಮೇಲೆ ದಕ್ಷಿಣೆ ನಿರೀಕ್ಷಿಸುತ್ತಿದ್ದರು. ಇವರು ಪಾಠ ಶುರುವಾಗುವುದಕ್ಕೆ ಮೊದಲೇ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಲೈಕ್ ಕೊಡಿ ಎಂದು ತಟ್ಟೆ ಹಿಡಿಯುತ್ತಾರೆ. ಕೊಡೋಣ, ತಪ್ಪೇನಿಲ್ಲ. ನನ್ನ ತಕರಾರು ಅವರ ವೇಗದ ಬಗ್ಗೆ. "ಇಲ್ಲಿ ಕ್ಲಿಕ್ ಮಾಡಿ" ಎನ್ನುವ ಹೊತ್ತಿಗೆ ಅವರು ಕ್ಲಿಕ್ ಮಾಡಿ, ಅದು ತೆರೆದು, ಅದರಿಂದ ಮತ್ತೊಂದು ತೆರೆದು, ಕಾಣುವುದು ಮೂರನೆಯದು. ವೇಗವನ್ನು 0.75ಕ್ಕೆ ಇಳಿಸುವ ಉಪಾಯ ಗೊತ್ತಾದ ಮೇಲೆ ಗುರುಗಳು ಬೆಳಗಿನ ಜಾವದ ನಿದ್ದೆಗಣ್ಣಿನಲ್ಲಿ ಮಾತಾಡಿದಂತೆ ಕೇಳಿಸುತ್ತಾರೆ, ಆದರೆ ಅರ್ಥವಾಗುತ್ತಾರೆ. ಕನ್ನಡದಲ್ಲೂ ಹುಡುಗರು ಚೆನ್ನಾಗಿ ಹೇಳಿಕೊಡುತ್ತಾರೆ. ಕ್ರಿಯಾಪದವೊಂದು ಕನ್ನಡ, ಮಿಕ್ಕದ್ದೆಲ್ಲ ಇಂಗ್ಲಿಷು. ಅದಕ್ಕೆ ಅವರನ್ನು ಬೈಯುವ ಅಧಿಕಾರ ಗ್ಯಾಲಿ, ಪ್ರೂಫು, ಫಾರಂ ಎಂದೇ ಹೊಟ್ಟೆ ಹೊರೆದ ನನಗಿಲ್ಲ.

ಟ್ಯುಟೋರಿಯಲ್ ನೋಡಿ ಸಾಫ್ಟ್‌ವೇರ್ ಕಲಿಯುವ ಶಿಸ್ತನ್ನು ನಮ್ಮ ದೇಶದಲ್ಲಿ ಸರಿಯಾಗಿ ಯೋಚಿಸಿದವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯವರು ಎನ್ನಬೇಕು. ಪ್ರೊ. ಕಣ್ಣನ್ ಮೌದ್ಗಲ್ಯ ಅವರು ಕಟ್ಟಿದ ಈ ಯೋಜನೆಯಲ್ಲಿ ಹತ್ತು ನಿಮಿಷದ ಆಸುಪಾಸಿನ ಪಾಠಗಳಿವೆ. ಲಿಬ್ರೆ ಆಫೀಸು, ಲಿನಕ್ಸು ಮೊದಲಾದವಕ್ಕೆ ಕನ್ನಡದ ದನಿಯೂ ಇದೆ. ಪರದೆಯ ಮೇಲೆ ಬರುವುದು ಇಂಗ್ಲಿಷು, ಕಿವಿಗೆ ಬೀಳುವುದು ಕನ್ನಡ. ಅವರದೊಂದು ಕಟ್ಟುನಿಟ್ಟು: ಪರದೆಯನ್ನು ಎರಡು ಭಾಗ ಮಾಡಿ, ಒಂದರಲ್ಲಿ ಪಾಠ ಓಡಲಿ, ಇನ್ನೊಂದರಲ್ಲಿ ಕೂಡಲೇ ಮಾಡಿ ನೋಡಿ. ಒಳ್ಳೆಯ ಮಾತು. ನಾನೂ ಹಾಗೇ ಎಡಗಡೆ ಗುರುಗಳನ್ನು, ಬಲಗಡೆ ಸಾಫ್ಟ್‌ವೇರನ್ನು ಕೂರಿಸಿದೆ. "ಮೇಲೆ ಬಲಗಡೆ ಮೊಬೈಲಿನ ಚಿಹ್ನೆ ಇದೆ, ಅದನ್ನು ಒತ್ತಿ" ಎಂದರು ಗುರುಗಳು. ನನ್ನಲ್ಲಿ ಚಿಹ್ನೆಯೇ ಇಲ್ಲ. ವಿಡಿಯೋ ನಿಲ್ಲಿಸಿದೆ, ಹಿಂದಕ್ಕೆ ಎಳೆದೆ, ಕನ್ನಡಕ ಒರೆಸಿಕೊಂಡೆ. ಇಲ್ಲ ಎಂದರೆ ಇಲ್ಲ. ಸಂಜೆ ಮೊಮ್ಮಗಳು ಬಂದು ಒಂದು ನೋಟ ನೋಡಿ ಬಿದ್ದು ಬಿದ್ದು ನಕ್ಕಳು. ನಾನು ಕಿಟಕಿಯನ್ನು ಅರ್ಧ ಮಾಡಿದ್ದರಿಂದ ಆ ಸಾಫ್ಟ್‌ವೇರ್ ತನ್ನನ್ನು ಯಾರೋ ಟ್ಯಾಬ್ಲೆಟ್ಟಿನಲ್ಲಿ ತೆರೆದಿದ್ದಾರೆ ಎಂದುಕೊಂಡು, ತನ್ನ ಗುಂಡಿಗಳನ್ನೆಲ್ಲ ಮಡಚಿ ಮೂರು ಅಡ್ಡಗೆರೆಯ ಒಳಗೆ ಇಟ್ಟುಕೊಂಡಿತ್ತು. ರೆಸ್ಪಾನ್ಸಿವ್ ಎಂದರೇನು ಎಂಬ ಮೊದಲ ಪಾಠವನ್ನು ಗುರುಗಳಿಗಿಂತ ಮೊದಲೇ ಆ ಗುಂಡಿಗಳು ನನಗೆ ಹೇಳಿಕೊಟ್ಟಿದ್ದವು.

ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ಕೇಳುವ ಈ ಸುಖ ದೊಡ್ಡದು. ನಮ್ಮ ತಾಯಿ ರೇಡಿಯೋದ ಸಂಗೀತಪಾಠ ಕೇಳಿ ಹಾಡು ಕಲಿಯುತ್ತಿದ್ದಳು. ಸ್ಲೇಟು ಬಳಪ ಹಿಡಿದು ಕೂರುತ್ತಿದ್ದಳು; ಒಲೆಯ ಮೇಲೆ ಹಾಲು ಉಕ್ಕಿದರೆ ಆ ವಾರದ ಅನುಪಲ್ಲವಿ ಹೋಯಿತೆಂದೇ ಲೆಕ್ಕ. ರೇಡಿಯೋ ಎಂದಾಗ ನಮ್ಮ ಕಡೆಯವರಿಗೆ ಸಣ್ಣದೊಂದು ಜಂಭ ಇದ್ದೇ ಇದೆ. ಈಗ ಯಾದವಗಿರಿಯಲ್ಲಿರುವ ಆಕಾಶವಾಣಿ ಕೇಂದ್ರದ ಹತ್ತಿರದಲ್ಲೇ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರ ಮನೆ 'ವಿಠ್ಠಲ ವಿಹಾರ'. ಅವರು ಮನಃಶಾಸ್ತ್ರದ ಪ್ರಾಧ್ಯಾಪಕರು, ಎಂಜಿನಿಯರಲ್ಲ. 1935ರಲ್ಲಿ ಆ ಮನೆಯಲ್ಲೇ 30 ವಾಟಿನ ಪುಟ್ಟ ಪ್ರೇಷಕ ಇಟ್ಟುಕೊಂಡು ಪ್ರಸಾರ ಶುರುಮಾಡಿಬಿಟ್ಟರು. ಆಕಾಶವಾಣಿ ಎಂಬ ಹೆಸರು ದೇಶಕ್ಕೆಲ್ಲ ಹೋದದ್ದು ಆ ಮನೆಯಿಂದ. ಅವರಿಗೆ ಯಾವ ಗುರು ಟ್ಯುಟೋರಿಯಲ್ ಮಾಡಿಟ್ಟಿದ್ದರು? ಆ ರಸ್ತೆಯಲ್ಲಿ ಹಾದುಹೋಗುವಾಗ ನನಗೆ ಧೈರ್ಯವೂ ಬರುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ.

ಈ ವಿದ್ಯೆಗೊಂದು ಪುರಾಣವಿದೆ, ಅದನ್ನು ಮೊಟಕಾಗಿ ಹೇಳುತ್ತೇನೆ. 2007ರಲ್ಲಿ ಐಫೋನ್ ಬಂತು, ಅದರ ಪರದೆಯ ಅಗಲ 320 ಪಿಕ್ಸೆಲ್. ಅಲ್ಲಿಯವರೆಗೆ ಮೇಜಿನ ಮೇಲಿನ ಕಂಪ್ಯೂಟರಿಗೆಂದು 960 ಪಿಕ್ಸೆಲ್ ಅಗಲಕ್ಕೆ ಪುಟ ಕಟ್ಟಿ ಆರಾಮಾಗಿದ್ದವರು ಗಾಬರಿಯಾಗಿ ದೊಡ್ಡ ಪರದೆಗೊಂದು, ಸಣ್ಣ ಪರದೆಗೊಂದು ಎಂದು ಎರಡೆರಡು ಜಾಲತಾಣ ಮಾಡತೊಡಗಿದರು. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬಾತ 'ಎ ಲಿಸ್ಟ್ ಅಪಾರ್ಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಇದೆಲ್ಲ ಬೇಡ, ಒಂದೇ ಪುಟ ಸಾಕು ಎಂದ. ಅಂಕಣಗಳ ಅಗಲವನ್ನು ಪಿಕ್ಸೆಲ್ಲಿನಲ್ಲಿ ಹೇಳದೆ ಶೇಕಡಾ ಲೆಕ್ಕದಲ್ಲಿ ಹೇಳಿ; ಚಿತ್ರಗಳು ತಮ್ಮ ಮನೆ ಕುಗ್ಗಿದಂತೆ ಕುಗ್ಗಲಿ; ಪರದೆ ಇಂತಿಷ್ಟಕ್ಕಿಂತ ಕಿರಿದಾದರೆ ಪಕ್ಕದಲ್ಲಿದ್ದದ್ದು ಕೆಳಗೆ ಬರಲಿ ಎಂದು ಕಟ್ಟಳೆ ಬರೆದಿಡಿ. ಇಷ್ಟೇ ಮೂರು ಸೂತ್ರ. ಅದಕ್ಕೂ ಹತ್ತು ವರ್ಷ ಮೊದಲು, 2000ದಲ್ಲಿ, ಅದೇ ಪತ್ರಿಕೆಯಲ್ಲಿ ಜಾನ್ ಆಲ್‌ಸಪ್ ಎಂಬಾತ ಕಾಗದದ ಪುಟದ ಅಭ್ಯಾಸವನ್ನು ವೆಬ್ಬಿಗೆ ತರಬೇಡಿ, ಇಲ್ಲಿ ಪುಟದ ಅಳತೆ ನಿಮ್ಮ ಕೈಯಲ್ಲಿಲ್ಲ ಎಂದು ತಾವೋ ತತ್ತ್ವ ಹಿಡಿದುಕೊಂಡು ವಾದಿಸಿದ್ದ. ಕೇಳಿದವರು ಕಡಿಮೆ. 2015ರ ಏಪ್ರಿಲ್ 21ರಿಂದ ಮೊಬೈಲಿಗೆ ಹೊಂದದ ಪುಟಗಳನ್ನು ಮೊಬೈಲಿನ ಹುಡುಕಾಟದಲ್ಲಿ ಹಿಂದಕ್ಕೆ ತಳ್ಳುತ್ತೇವೆ ಎಂದು ಗೂಗಲ್ ಹೇಳಿದ ಮೇಲೆ ಎಲ್ಲರ ಕಿವಿಯೂ ಒಮ್ಮೆಲೇ ಚುರುಕಾಯಿತು.

ಕಾಗದದ ಪುಟದ ಅಭ್ಯಾಸ ಎಂದೆನಲ್ಲ, ಅದರ ರೋಗಿ ನಾನೇ. ಡೆಮಿ 1/8 ಎಂದರೆ ಐದೂವರೆಗೆ ಎಂಟೂವರೆ ಇಂಚು. ಆ ಚೌಕಟ್ಟಿನೊಳಗೆ ನಮ್ಮ ಪ್ರಪಂಚ. ಕಂಪೋಸಿಟರ್ ಮೊಳೆ ಜೋಡಿಸಿ, ಸಾಲುಗಳ ನಡುವೆ ಸೀಸದ ಪಟ್ಟಿ ಇಟ್ಟು, ಚೇಸಿನಲ್ಲಿ ಬಿಗಿದ ಮೇಲೆ ಒಂದು ಅಲ್ಪವಿರಾಮವೂ ಅಲುಗಾಡುವಂತಿರಲಿಲ್ಲ. ಪುಟದ ಕೊನೆಯ ಸಾಲು ಎಲ್ಲಿ ನಿಲ್ಲಬೇಕು, ಅಧ್ಯಾಯದ ಮೊದಲ ಪುಟದಲ್ಲಿ ಎಷ್ಟು ಜಾಗ ಬಿಡಬೇಕು, ಎಲ್ಲ ನಮ್ಮ ಮಾತು. ಓದುಗನ ಕೈಗೆ ಹೋಗುವುದು ನಾವು ಬಿಗಿದ ಪುಟವೇ. ಈ ಹೊಸ ವಿದ್ಯೆಯಲ್ಲಿ ಬಿಗಿಯುವುದೇ ಇಲ್ಲ. ನಾನು ಶೀರ್ಷಿಕೆಯನ್ನು ಮಧ್ಯಕ್ಕೆ ತಂದು, ಎಡಗಡೆ ಮಂಡಳಿಯವರ ಫೋಟೋ, ಬಲಗಡೆ ಹಾಡಿನ ಪಟ್ಟಿ ಇಟ್ಟು, ದೂರದಿಂದ ನೋಡಿ ತೃಪ್ತಿಪಟ್ಟುಕೊಂಡು ಮೊಬೈಲಿನ ಚಿಹ್ನೆ ಒತ್ತುತ್ತೇನೆ. ಎಲ್ಲ ಒಂದರ ಮೇಲೊಂದು ಕಲಸಿಕೊಂಡು ಕೂತಿರುತ್ತದೆ. ಅಲ್ಲಿ ಸರಿಮಾಡಿ ಟ್ಯಾಬ್ಲೆಟ್ಟಿಗೆ ಬಂದರೆ ಅದರ ಪಾಡೇ ಬೇರೆ. ಗುರುಗಳು ಇದಕ್ಕೆ ಮದ್ದು ಹೇಳುತ್ತಾರೆ: ಮೊದಲು ಅತಿ ಸಣ್ಣ ಪರದೆಗೆ ಕಟ್ಟಿ, ಆಮೇಲೆ ಹಿಗ್ಗಿಸುತ್ತಾ ಹೋಗಿ. ದಿವ್ಯೌಷಧ. ಸಣ್ಣ ಪರದೆಯಲ್ಲಿ ಕಾರ್ಯದರ್ಶಿಗಳ ಭಾವಚಿತ್ರಕ್ಕಿಂತ ಹಾಡು ಮೇಲೆ ಬರಬೇಕು ಎನ್ನುವ ಸತ್ಯ ತಾನಾಗಿ ಹೊಳೆಯುತ್ತದೆ. ಅದನ್ನು ಕಾರ್ಯದರ್ಶಿಗಳಿಗೆ ಹೇಳುವುದು ಬೇರೆ ವಿಷಯ.

ಇನ್ನು ಗುರುಗಳು ಹೇಳದೇ ಇದ್ದ ವಿಷಯಕ್ಕೆ ಬರೋಣ. ಟ್ಯುಟೋರಿಯಲ್ಲುಗಳಲ್ಲಿ ಪುಟ ತುಂಬಿಸಲು ಲೋರೆಮ್ ಇಪ್ಸಮ್ ಎಂಬ ಲ್ಯಾಟಿನ್ ಹಿಟ್ಟನ್ನು ಸುರಿಯುತ್ತಾರೆ. ಸಿಸೆರೋನ ಒಂದು ಗ್ರಂಥದಿಂದ ಕಿತ್ತು ಚೂರುಚೂರು ಮಾಡಿದ ಅರ್ಥವಿಲ್ಲದ ಪದಗಳು ಅವು, ಎಲ್ಲ ಸಣ್ಣಸಣ್ಣವು, ಯಾವ ಸಂದಿಗೆ ಹಾಕಿದರೂ ಹರಿದು ಕೂರುತ್ತವೆ. ಗುರುಗಳ ಪುಟ ನೋಡಿದರೆ ಕಣ್ಣಿಗೆ ತಂಪು. ನನ್ನ ಚೌಕದೊಳಗೆ ನಾನು ಹಾಕಿದ್ದು 'ಪುರಂದರದಾಸರ ಆರಾಧನಾಮಹೋತ್ಸವಕಾರ್ಯಕ್ರಮಗಳು'. 320 ಪಿಕ್ಸೆಲ್ಲಿನ ಪರದೆಯಲ್ಲಿ ಆ 'ಮಹೋತ್ಸವ' ಚೌಕದ ಗೋಡೆ ಹಾರಿ ಪಕ್ಕದ ಚೌಕದ ಮೇಲೆ ಮಲಗಿತ್ತು. ಇಂಗ್ಲಿಷಿನವರು ಪದ ಪದಕ್ಕೂ ಜಾಗ ಬಿಡುತ್ತಾರೆ. ನಾವು ಸಂಧಿ ಸಮಾಸ ಮಾಡಿ, ವಿಭಕ್ತಿ ಪ್ರತ್ಯಯ ಅಂಟಿಸಿ, ಉಸಿರು ಸಿಕ್ಕಿದಷ್ಟು ದೂರ ಎಳೆಯುವವರು. ಪ್ರೆಸ್ಸಿನಲ್ಲಾದರೆ ಪದವನ್ನು ಎಲ್ಲಿ ಮುರಿಯಬೇಕೆಂದು ಕಂಪೋಸಿಟರಿಗೆ ಗೊತ್ತಿತ್ತು. ಇಲ್ಲಿ ಪದಗಳ ನಡುವೆ ಜಾಗ ಬಿಡಿಸಿ ಬರೆಯುವುದೇ ಕ್ಷೇಮ ಎಂದು ಗೊತ್ತುಮಾಡಿಕೊಂಡೆ. ಮಂಡಳಿಯ ಹಿರಿಯ ಸದಸ್ಯೆಯೊಬ್ಬರು, ಸಂಸ್ಕೃತ ಓದಿದವರು, "ಸಮಾಸ ಒಡೆದ್ಬಿಟ್ರಲ್ಲ ರಾಯ್ರೇ" ಎಂದು ನೊಂದುಕೊಂಡರು.

ಅದಾದ ಮೇಲೆ ಒತ್ತಕ್ಷರ. ಗುರುಗಳು ಸಾಲಿನ ಎತ್ತರ 1.2 ಇಟ್ಟುಕೊಳ್ಳಿ, ಅಂದವಾಗಿರುತ್ತದೆ ಎಂದರು. ಇಂಗ್ಲಿಷಿಗೆ ಅಂದವೇ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಗುಲಿತು. ಗುಂಡಿಯ ಮೇಲೆ 'ಸ್ತೋತ್ರಗಳು' ಎಂದು ಬರೆದರೆ ತಕಾರದ ಒತ್ತಿನ ಬುಡ ಕತ್ತರಿಸಿಹೋಗಿ ಯಾವ ಭಾಷೆಯೂ ಅಲ್ಲದ ಅಕ್ಷರವೊಂದು ಕಂಡಿತು. 1.4 ಮಾಡಿದೆ, 1.6 ಮಾಡಿದೆ, 1.7ಕ್ಕೆ ಬಂದಾಗ ಅಕ್ಷರಗಳು ಉಸಿರಾಡಿದವು. ಸಾಲಿನ ನಡುವೆ ಸೀಸದ ಪಟ್ಟಿ ಇನ್ನೊಂದು ಹಾಕಯ್ಯ ಎಂದು ಪ್ರೆಸ್ಸಿನಲ್ಲಿ ಕೂಗುತ್ತಿದ್ದದ್ದೂ ಇದೇ ಕಾರಣಕ್ಕೆ. ಒಟ್ಟಿನಲ್ಲಿ ನಾನು ಆ ಸಾಫ್ಟ್‌ವೇರನ್ನು ಕಲಿತದ್ದು ಅದರಲ್ಲಿ ಕನ್ನಡ ಸುರಿದ ಮೇಲೆ. ಅಲ್ಲಿಯವರೆಗೆ ಕಲಿತದ್ದು ಗುರುಗಳ ಪುಟವನ್ನು ಕಾಪಿ ಹೊಡೆಯುವುದನ್ನು.

ಹಾಡುಗಳ ಹಳೆಯ ಫೈಲುಗಳದ್ದು ಮತ್ತೊಂದು ಕಥೆ. ಅವನ್ನು ಎಂದೋ ಡಿಟಿಪಿ ಅಂಗಡಿಯಲ್ಲಿ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿಸಿದ್ದರು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದ್ದರೂ ನಮ್ಮ ಡಿಟಿಪಿ ಅಂಗಡಿಗಳು ಅಲ್ಲಿಗೆ ವಾಸ ಬದಲಾಯಿಸಿದ್ದು ಎಷ್ಟೋ ತಡವಾಗಿ. ಕೆಲವು ಇನ್ನೂ ಸಾಮಾನು ಕಟ್ಟುತ್ತಲೇ ಇವೆ. ಹಳೆಯ ಫೈಲನ್ನು ಪುಟಕ್ಕೆ ಅಂಟಿಸಿದರೆ ದಾಸರಪದವೆಲ್ಲ ಫ್ರೆಂಚರ ಬೈಗುಳದಂತೆ ಕಾಣುತ್ತದೆ. ಪರಿವರ್ತಿಸುವ ಸಲಕರಣೆಗಳಿವೆ, ಆದರೆ ಅರ್ಕಾವೊತ್ತು ಬಂದಲ್ಲೆಲ್ಲ ಒಂದು ಕಣ್ಣಿಟ್ಟಿರಬೇಕು. ಪ್ರೂಫು ನೋಡುವವನ ವಿದ್ಯೆ ಈ ಶತಮಾನದಲ್ಲೂ ಪೂರ್ತಿ ವ್ಯರ್ಥವಲ್ಲ. ಫಾಂಟುಗಳಿಗೇನೂ ಈಗ ಕೊರತೆಯಿಲ್ಲ; ಗೂಗಲ್ಲಿನ ಉಚಿತ ಭಂಡಾರದಲ್ಲೇ ನೋಟೋ ಇದೆ, ಅನೇಕ್ ಇದೆ, ಬಾಲೂ ತಮ್ಮ ಎಂಬುದೊಂದಿದೆ, ಬೆಣ್ಣೆ ಎಂಬುದೂ ಇದೆ. ಬೆಣ್ಣೆ ಎಂಬ ಹೆಸರಿಗೇ ಮರುಳಾಗಿ ನಾನು ಅದನ್ನು ಆರಿಸಿದೆ, ಹೆಂಡತಿ ಅದು ತೆಳ್ಳಗಿದೆ ಎಂದು ತೆಗೆಸಿದಳು.

ಟ್ಯುಟೋರಿಯಲ್ಲಿನ ನಿಜವಾದ ಶತ್ರು ಅದರ ಬಲಗಡೆಯಲ್ಲೇ ಇರುತ್ತದೆ. ಗುರುಗಳು ಅಂಕಣದ ಅಂತರದ ವಿಷಯ ಹೇಳುತ್ತಿರುವಾಗ ಪಕ್ಕದಲ್ಲಿ ಭೀಮಸೇನ ಜೋಶಿಯವರು ಕರೆಯುತ್ತಿರುತ್ತಾರೆ, ಅವರ ಕೆಳಗೆ ಬಿಸಿಬೇಳೆಬಾತು ಮಾಡುವ ವಿಧಾನ, ಅದರ ಕೆಳಗೆ 1983ರ ವಿಶ್ವಕಪ್. ನಮ್ಮ ನೆರೆಯ ಆರ್. ಕೆ. ನಾರಾಯಣ್ ಅವರಿಗೂ ಇದೇ ಕಾಟವಿತ್ತು. ವಿವೇಕಾನಂದ ರಸ್ತೆಯಲ್ಲಿ ಅವರು ಕಟ್ಟಿಸಿದ ಮನೆ ಈಗ ವಸ್ತುಸಂಗ್ರಹಾಲಯ, 2016ರಲ್ಲಿ ತೆರೆಯಿತು. ನಮ್ಮ ಮನೆಗೆ ಬಂದ ನೆಂಟರನ್ನೆಲ್ಲ ನಾನು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ, ಬಿಸಿಲಿಲ್ಲ, ಹತ್ತಿರವೂ ಹೌದು. ಬರೆಯುವುದಕ್ಕೆಂದು ಅವರು ಎಂಟು ಕಿಟಕಿಗಳ ಅರೆವೃತ್ತದ ಕೋಣೆ ಮಾಡಿಸಿದ್ದರು. ಒಂದರಲ್ಲಿ ಚಾಮುಂಡಿಬೆಟ್ಟ, ಇನ್ನೊಂದರಲ್ಲಿ ಗೋಪುರ ಗುಮ್ಮಟಗಳು, ಮತ್ತೊಂದರಲ್ಲಿ ರೈಲು. ಇಷ್ಟು ಚೆಂದದ ನೋಟ ಇಟ್ಟುಕೊಂಡು ಬರೆಯುವುದೆಂತು ಎಂದು ಸ್ನೇಹಿತರೊಬ್ಬರು ಎಚ್ಚರಿಸಿದ ಮೇಲೆ ಕಿಟಕಿಗೆ ಪರದೆ ಹಾಕಿಸಿದರಂತೆ. ನಾನೂ ಯೂಟ್ಯೂಬಿನ ವಿಡಿಯೋವನ್ನು ಪೂರ್ತಿ ಪರದೆಗೆ ಹಿಗ್ಗಿಸಿಕೊಂಡು ನೋಡಿದೆ. ಆಗ ಸಾಫ್ಟ್‌ವೇರ್ ಕಾಣುವುದಿಲ್ಲ.

ಹೀಗೆ ಬೆವರು ಸುರಿಸಿ ಕಲಿತದ್ದು ಎಷ್ಟು ದಿನ ನಡೆದೀತು ಎಂಬುದು ಬೇರೆ ಪ್ರಶ್ನೆ. ಅಡೋಬಿಯವರ ಮ್ಯೂಸ್ ಎಂಬ ಸಾಫ್ಟ್‌ವೇರ್ ಇತ್ತು. ಕೋಡ್ ಗೊತ್ತಿಲ್ಲದವರೂ ಪುಟ ಕಟ್ಟಲೆಂದು 2012ರಲ್ಲಿ ಬಂತು. 2018ರ ಮಾರ್ಚಿನಲ್ಲಿ ಇನ್ನು ಇದರಲ್ಲಿ ಹೊಸದೇನೂ ಬರುವುದಿಲ್ಲ ಎಂದರು, 2020ರಲ್ಲಿ ಬೆಂಬಲವನ್ನೂ ನಿಲ್ಲಿಸಿದರು. ಅದೇ ವರ್ಷದ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಕಣ್ಣುಮುಚ್ಚಿತು. ಸಾಫ್ಟ್‌ವೇರುಗಳು ಹೋದವು, ಅವುಗಳ ಟ್ಯುಟೋರಿಯಲ್ಲುಗಳು ಹೋಗಿಲ್ಲ. ಹುಡುಕಿದರೆ ಇಂದಿಗೂ ಒಬ್ಬ ಹುಡುಗ ಉತ್ಸಾಹದಿಂದ ಮ್ಯೂಸ್ ಕಲಿಸುತ್ತಲೇ ಇದ್ದಾನೆ. ಅದಕ್ಕೇ ನಾನು ಗುಂಡಿ ಎಲ್ಲಿದೆ ಎಂಬುದನ್ನು ಬರೆದಿಟ್ಟುಕೊಳ್ಳುವುದಿಲ್ಲ. ಪಕ್ಕದ್ದು ಕೆಳಗೆ ಬರಬೇಕು, ಚಿತ್ರ ತನ್ನ ಚೌಕ ಮೀರಬಾರದು, ಸಾಲಿಗೆ ಎತ್ತರ ಬೇಕು, ಇವಿಷ್ಟನ್ನು ಬರೆದಿಟ್ಟುಕೊಂಡಿದ್ದೇನೆ. ನಾಳೆ ಬೇರೆ ಸಾಫ್ಟ್‌ವೇರಿಗೆ ಹೋದರೂ ಇವು ಬೇಕಾಗುತ್ತವೆ.

ಪುಟ ಸಿದ್ಧವಾದ ಮೇಲೆ ಒಂದು ಶುಕ್ರವಾರ ಭಜನೆಗೆ ಮೊದಲು ಎಲ್ಲರ ಫೋನಿನಲ್ಲೂ ತೆರೆಸಿದೆ. ಟ್ಯುಟೋರಿಯಲ್ಲಿನವರು ಫೋನಿನ ಮಾದರಿಗಳ ಪಟ್ಟಿ ಕೊಟ್ಟು ಇಂತಿಂಥ ಪರದೆಯಲ್ಲಿ ಪರೀಕ್ಷಿಸಿ ಎನ್ನುತ್ತಾರೆ. ನಮ್ಮ ಮಂಡಳಿಯಲ್ಲಿ ಪರೀಕ್ಷೆಗೆ ಬಂದದ್ದು ಕಣ್ಣುಗಳು. ಹಾರ್ಮೋನಿಯಂ ನುಡಿಸುವ ಅಜ್ಜಿಯ ಫೋನು ದೊಡ್ಡದೇ, ಆದರೆ ಕಣ್ಣಿನ ಪೊರೆಯ ಆಪರೇಷನ್ ಇನ್ನೂ ಆಗಿಲ್ಲವೆಂದು ಮಗ ಅದರಲ್ಲಿ ಅಕ್ಷರವನ್ನು ಎಷ್ಟು ಹಿಗ್ಗಿಸಬಹುದೋ ಅಷ್ಟೂ ಹಿಗ್ಗಿಸಿಕೊಟ್ಟಿದ್ದಾನೆ. ಅವರ ದೊಡ್ಡ ಫೋನಿನಲ್ಲಿ ಸಾಲಿಗೆ ಎರಡೇ ಪದ. ನಾನು ಪಿಕ್ಸೆಲ್ಲಿನಲ್ಲಿ ಗಟ್ಟಿಮಾಡಿ ಇಟ್ಟ ಎತ್ತರಗಳೆಲ್ಲ ಅಲ್ಲಿ ಮುರಿದುಬಿದ್ದವು. ಇದಕ್ಕೂ ಲೋಕದಲ್ಲಿ ನಿಯಮ ಬರೆದಿಟ್ಟಿದ್ದಾರೆ ಎಂದು ಆಮೇಲೆ ತಿಳಿಯಿತು. 2018ರ ಜೂನಿನಲ್ಲಿ ಬಂದ ಡಬ್ಲ್ಯುಸಿಎಜಿ 2.1 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ, 320 ಪಿಕ್ಸೆಲ್ ಅಗಲದಲ್ಲೂ ಓದುಗ ಅಡ್ಡಡ್ಡ ಎಳೆದಾಡದೆ ಓದುವಂತಿರಬೇಕು ಎನ್ನುತ್ತದೆ. 1280 ಅಗಲದ ಪರದೆಯನ್ನು ಶೇಕಡಾ 400ರಷ್ಟು ಹಿಗ್ಗಿಸಿದರೆ ಉಳಿಯುವುದೂ ಅದೇ 320. ಅಂದರೆ ಸಣ್ಣ ಫೋನು ಹಿಡಿದ ಹುಡುಗಿಗೂ ಮಂದಗಣ್ಣಿನ ಅಜ್ಜಿಗೂ ಲೆಕ್ಕ ಒಂದೇ. ಐದೂವರೆ ಇಂಚಿನೊಳಗೆ ಓದುಗನನ್ನು ಕಟ್ಟಿಹಾಕಿದ್ದ ನನಗೆ ಈ ಲೆಕ್ಕ ಬಹಳ ಹಿಡಿಸಿತು. ಎತ್ತರಗಳನ್ನೆಲ್ಲ ಬಿಚ್ಚಿ, ಅಕ್ಷರದ ಗಾತ್ರಕ್ಕೆ ತಕ್ಕಂತೆ ಬೆಳೆಯಲು ಬಿಟ್ಟೆ. ಮುಂದಿನ ಶುಕ್ರವಾರ ಅಜ್ಜಿ ಒಂದೇ ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಮೂರು ಚರಣ ಮುಗಿಸಿದರು. ತಾಳ ಮಾತ್ರ ಇನ್ನೂ ಹಿಂದೆಯೇ ಇದೆ, ಅದು ಸಾಫ್ಟ್‌ವೇರಿನ ವಿಷಯವಲ್ಲ.

ಎಲ್ಲರಿಗೂ ಸಂತೋಷವಾಯಿತು, ಕಾರ್ಯದರ್ಶಿಗಳೊಬ್ಬರನ್ನು ಬಿಟ್ಟು. "ಎಲ್ಲ ಸರಿ ರಾಯ್ರೇ, ಆದ್ರೆ ಏನೂ ಓಡ್ತಾನೇ ಇಲ್ವಲ್ಲ?" ಎಂದರು. ಏನು ಓಡಬೇಕು ಎಂದೆ. ಅವರು ಎಲ್ಲೋ ನೋಡಿದ ಜಾಲತಾಣದಲ್ಲಿ ಮೇಲ್ಗಡೆ ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತವಂತೆ, ಪಕ್ಕದಲ್ಲಿ 'ಹೊಸದು' ಎಂದು ಕೆಂಪಗೆ ಮಿಟುಕುತ್ತದಂತೆ. ಅದಕ್ಕೆ ಮಾರ್ಕಿ ಎಂದು ಹೆಸರು, ಎಚ್‌ಟಿಎಂಎಲ್ 5ರಲ್ಲಿ ಅದನ್ನು ಕೈಬಿಟ್ಟಿದ್ದಾರೆ, ಗುರುಗಳೆಲ್ಲ ಅದನ್ನು ಮುಟ್ಟಬೇಡಿ ಎನ್ನುತ್ತಾರೆ, ಓಡುವ ಅಕ್ಷರ ವಯಸ್ಸಾದವರಿಗೆ ಓದಲಾಗುವುದಿಲ್ಲ ಎಂದು ನಾನು ಕಲಿತ ವಿದ್ಯೆಯನ್ನೆಲ್ಲ ಅವರ ಮುಂದೆ ಸುರಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದೇನಿದೆಯೋ ಗೊತ್ತಿಲ್ಲ, ಓಡಿದ್ರೆ ಕಳೆ ಬರುತ್ತೆ" ಎಂದರು. ಖಜಾಂಚಿಗಳ ಮುಖ ನೋಡಿದೆ. ಖಜಾಂಚಿಗಳು ಕಾರ್ಯದರ್ಶಿಗಳ ಪಕ್ಷ. ಕೈಬಿಟ್ಟಿದ್ದರೂ ಬ್ರೌಸರುಗಳು ಅದನ್ನು ಇಂದಿಗೂ ಓಡಿಸುತ್ತವೆ. ಅದಕ್ಕೆ ಯಾವ ಟ್ಯುಟೋರಿಯಲ್ಲೂ ಬೇಕಾಗಲಿಲ್ಲ. ಸದ್ಯಕ್ಕೆ ಮಾಘಮಾಸದ ಕಾರ್ಯಕ್ರಮಗಳು ಎಡಕ್ಕೆ ಓಡುತ್ತಿವೆ. ಇನ್ನೂ ಸ್ವಲ್ಪ ಜೋರಾಗಿ ಓಡಲಿ ಎಂದು ನಿನ್ನೆ ಫೋನ್ ಬಂದಿತ್ತು.